ಸೂಜಿಯ ಕೆಳಗಿನ ಚೀಟಿ

ಜನವರಿ ೯

ಅಂಟಕ್ಕನಿಗೆ,

ಹನ್ನೊಂದು ವರ್ಷದ ಮೇಲೆ ಈ ಕೈಬರಹ ಕಂಡರೆ ನೀನು ಲಕೋಟೆ ಒಡೆಯದೆಯೇ ಹರಿದು ಹಾಕುವವಳು. ಒಡೆದಿದ್ದೀಯೆಂದರೆ ದಯವಿಟ್ಟು ಪೂರ್ತಿ ಓದು. ನಿನ್ನ ವಿಳಾಸ ಕೊಟ್ಟವನು ನಮ್ಮ ಹಳೆಯ ಕಾವಲುಗಾರ. ಸಂಗ್ರಹಾಲಯ ಬಿಟ್ಟ ಮೇಲೆ ನೀನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಿದ್ದೀಯಂತೆ. ಮುರಿದ ಚಿಟ್ಟೆ ರೆಕ್ಕೆಯನ್ನು ಕೂದಲೆಳೆಯಷ್ಟು ಅಂಟಿನಲ್ಲಿ ನಿಲ್ಲಿಸುತ್ತಿದ್ದ ಕೈಗೆ ಅದೇನು ಮಹಾ ಕೆಲಸ ಎಂದು ಅವನೆದುರು ಅಂದೆ.

ವಿಷಯಕ್ಕೆ ಬರುತ್ತೇನೆ. ಚಿಟ್ಟೆ ಪುಸ್ತಕದ ಎರಡನೆಯ ಮುದ್ರಣ ಬರುತ್ತಿದೆ. ಅದಕ್ಕಾಗಿ ಎಲ್ಲ ಡ್ರಾಯರುಗಳನ್ನೂ ಮತ್ತೆ ತೆಗೆದು ನೋಡುತ್ತಿದ್ದೇನೆ. ನಲವತ್ತೊಂದನೆಯ ಡ್ರಾಯರಿನಲ್ಲಿ, ನಾವು ಹುಲಿ ಎಂದು ಕರೆಯುತ್ತಿದ್ದ ಕೇಸರಿ ಚಿಟ್ಟೆಗಳ ಸಾಲಿನಲ್ಲಿ ಇರುವ ಒಂದು ಚಿಟ್ಟೆ ಪುಸ್ತಕದ ಯಾವ ಗುರುತಿಗೂ ಹೊಂದುತ್ತಿಲ್ಲ. ಸೂಜಿಯಲ್ಲಿ ಚೀಟಿ ಇಲ್ಲ. ಯಾರು ಹಿಡಿದದ್ದು, ಎಲ್ಲಿ, ಯಾವಾಗ, ಒಂದೂ ಗೊತ್ತಿಲ್ಲ. ಆ ಡ್ರಾಯರು ನಿನ್ನ ಕೈಯಲ್ಲಿತ್ತು. ನೆನಪಿದ್ದರೆ ಬರೆ.

ಇಂತಿ,
ಚುಕ್ಕಿ
(ನೀನಿಟ್ಟ ಹೆಸರು. ಈಗ ಇಲ್ಲಿ ಎಲ್ಲರೂ ಮೇಡಂ ಎನ್ನುತ್ತಾರೆ.)


ಜನವರಿ ೨೧

ಮೇಡಂ ಅವರೇ,

ಚೀಟಿ ಇಲ್ಲ ಎಂದು ನನಗೇ ಕಾಗದ ಬರೆಯುತ್ತೀಯಲ್ಲ, ನಿನ್ನ ಎದೆಗಾರಿಕೆ ಮೆಚ್ಚಿದೆ. ಅದು ಎಲ್ಲಿಗೆ ಹೋಯಿತು ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮರೆತಿದ್ದರೆ ನೆನಪು ಮಾಡುತ್ತೇನೆ. ಹತ್ತೊಂಬತ್ತು ವರ್ಷ ಒಂದೇ ಕಿಟಕಿಯ ಬೆಳಕಿನಲ್ಲಿ ಇಬ್ಬರೂ ಕೂತೆವು. ನಾನು ನೋಡಿ ಹೇಳುತ್ತಿದ್ದೆ, ನೀನು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದೆ. ಹುಲಿಯ ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕೆ ಇದ್ದರೆ ಹೆಣ್ಣು, ನಾಲ್ಕಿದ್ದರೆ ಗಂಡು. ಮೈಯಲ್ಲಿ ವಿಷವಿರುವ ಹುಲಿಯಂತೆ ವೇಷ ಹಾಕಿಕೊಂಡು ಹಕ್ಕಿಗಳಿಗೆ ಚಳ್ಳೆಹಣ್ಣು ತಿನ್ನಿಸುವ ಇನ್ನೊಬ್ಬಳಿದ್ದಾಳೆ. ಅವಳಿಗೆ ವೇಷಗಾತಿ ಎಂದು ಹೆಸರಿಟ್ಟವಳು ನಾನು. ಅವಳ ರೆಕ್ಕೆಯ ನಡುವೆ ಚುಕ್ಕೆಯೇ ಇಲ್ಲ, ಮೇಲಂಚಿನ ಹತ್ತಿರ ಒಂದೇ ಒಂದು. ಇದನ್ನೆಲ್ಲ ಕಂಡ ಕಣ್ಣು ಯಾವುದು? ಕಂಡದ್ದನ್ನು, ಜೋಡಿಸಿದ್ದನ್ನು, ದಿನಾಂಕ ಮತ್ತು ನನ್ನ ಹೆಸರಿನ ಸಮೇತ ಉಗುರಿನಷ್ಟು ಚೀಟಿಯಲ್ಲಿ ಬರೆದು ಸೂಜಿಗೆ ಚುಚ್ಚುತ್ತಿದ್ದವಳು ಯಾರು?

ಪುಸ್ತಕ ಬಂತು. ಮುಖಪುಟದಲ್ಲಿ ಒಂದೇ ಹೆಸರು. ಒಳಗೆ, ಬಲ್ಬು ಬದಲಾಯಿಸಿದವನಿಗೆ ಕೃತಜ್ಞತೆ ಹೇಳಿದ ಮೇಲೆ, "ಸಿಬ್ಬಂದಿ ವರ್ಗಕ್ಕೆ" ಎಂದು ಒಂದು ಸಾಲು. ಆ ಸಾಲಿನಲ್ಲಿ ನಾನಿದ್ದೆ! ಹಳೆಯ ನಿರ್ದೇಶಕರ ಹತ್ತಿರ ಹೋಗಿ ಅತ್ತೆ. "ಪುರಾವೆ ಏನಮ್ಮಾ?" ಅಂದರು. ಡ್ರಾಯರು ಎಳೆದು ತೋರಿಸಲು ಹೋದೆ. ನನ್ನ ಮುನ್ನೂರ ಹನ್ನೆರಡು ಸೂಜಿಗಳಲ್ಲಿ ಒಂದು ಚೀಟಿಯೂ ಉಳಿದಿರಲಿಲ್ಲ. "ತೇವಕ್ಕೆ ಉದುರೋಗಿವೆ ಸಾರ್, ಗುಡಿಸುವಾಗ ಹೋಗಿರಬೇಕು" ಅಂದೆ ನೀನು, ನನ್ನ ಮುಖ ನೋಡದೆ. ಬೇರೆಯವರ ಚೀಟಿ ಒಂದೂ ಉದುರಿರಲಿಲ್ಲ. ತೇವಕ್ಕೂ ನನ್ನ ಮೇಲೆಯೇ ಹಗೆ.

ಅವತ್ತೇ ಆ ಕಟ್ಟಡದ ಮೆಟ್ಟಿಲಿಳಿದೆ. ನಿನ್ನ ಚಿಟ್ಟೆಯ ಹುಟ್ಟು ನನಗೆ ನೆನಪಿಲ್ಲ, ನೆನಪಿದ್ದರೂ ಹೇಳುವುದಿಲ್ಲ.

ಅಂಟಕ್ಕ


ಫೆಬ್ರವರಿ ೪

ಅಂಟಕ್ಕ,

ನಿನ್ನ ಬಾಯಿ ಹಾಗೆಯೇ ಇದೆ, ಸಂತೋಷ. ತೇವದ ವಿಷಯ ಅಂದು ಹೇಳಿದ್ದನ್ನೇ ಇಂದೂ ಹೇಳುತ್ತೇನೆ. ಅದನ್ನು ಮತ್ತೆ ಕೆದಕಿ ಇಬ್ಬರಿಗೂ ಆಗಬೇಕಾದ್ದೇನಿಲ್ಲ.

ಚಿಟ್ಟೆಯ ಚಿತ್ರ ಬರೆದು ಕಳಿಸಿದ್ದೇನೆ. ನನ್ನ ಗೆರೆ ನಿನ್ನಷ್ಟು ನೇರವಿಲ್ಲ, ನಗಬೇಡ. ತಲೆ ಮತ್ತು ಎದೆ ಕಪ್ಪು, ಮೇಲೆ ಬಿಳಿ ಚುಕ್ಕೆ ಚಿಮುಕಿಸಿದಂತೆ. ಅಲ್ಲಿಗೆ ಹುಲಿ. ಮುಂದಿನ ರೆಕ್ಕೆಯೂ ಹುಲಿಯದೇ. ಆದರೆ ಹಿಂದಿನ ರೆಕ್ಕೆಯ ನಡುವೆ ಒಂದು ಚುಕ್ಕೆಯೂ ಇಲ್ಲ, ಮೇಲಂಚಿನಲ್ಲಿ ಮಾತ್ರ ಒಂದು. ಅಂಚು ಸಣ್ಣಗೆ ಅಲೆಅಲೆ. ಎಡ ಬಲ ಎರಡೂ ಒಂದೇ ಥರ. ಇರುವುದು ಇದೊಂದೇ, ಹಾಗಾಗಿ ಕಾಲು ಕಿತ್ತು ಡಿಎನ್ಎ ಪರೀಕ್ಷೆಗೆ ಕಳಿಸಲು ಮನಸ್ಸು ಬರುತ್ತಿಲ್ಲ. ಇದು ಈವರೆಗೆ ಯಾರೂ ಕಾಣದ ಹುಲಿ ಎಂದು ನನ್ನ ಅಂದಾಜು. ಪುಸ್ತಕದಲ್ಲಿ ಹೊಸ ಜಾತಿ ಎಂದೇ ಹಾಕುತ್ತೇನೆ. ಹಿಡಿದ ಜಾಗ ಒಂದು ಗೊತ್ತಾದರೆ ಸಾಕು.

ಚುಕ್ಕಿ


ಫೆಬ್ರವರಿ ೧೦

ಪ್ರೀತಿಯ ತಂಗಿಗೆ,

ಈ ಕಾಗದವನ್ನು ನಿನ್ನ ಶಾಲೆಯ ಲೈಬ್ರರಿಯಲ್ಲಿ ಓದಬೇಡ, ಮನೆಗೆ ಹೋಗಿ ಓದು. ನೀನು ಜೋರಾಗಿ ನಕ್ಕರೆ ಮಕ್ಕಳು ಹೆದರುತ್ತವೆ.

ಚುಕ್ಕಿ ನನಗೆ ಕಾಗದ ಬರೆದಿದ್ದಾಳೆ. ಅವಳಿಗೆ ಹೊಸ ಚಿಟ್ಟೆ ಸಿಕ್ಕಿದೆಯಂತೆ. ಚಿತ್ರ ನೋಡಿದೊಡನೆ ನನ್ನ ಕೈಯಲ್ಲಿದ್ದ ಕನ್ನಡಕದ ತಿರುಪು ಜಾರಿ ಬಿತ್ತು. ಅದು ದೇವರು ಮಾಡಿದ ಚಿಟ್ಟೆಯಲ್ಲ ಕಣೇ, ನಾನು ಮಾಡಿದ್ದು! ಹುಲಿಯೊಂದರ ಹಿಂದಿನ ಎರಡೂ ರೆಕ್ಕೆಗಳನ್ನು ಡ್ರಾಯರಿನ ಹುಳು ತಿಂದು ಪುಡಿ ಮಾಡಿತ್ತು. ಮಾರನೆಯ ಬೆಳಿಗ್ಗೆ ಶಾಲೆಯ ಮಕ್ಕಳು ನೋಡಲು ಬರುವವರಿದ್ದರು. ಮುರಿದ ರೆಕ್ಕೆಗಳ ಡಬ್ಬಿಯಲ್ಲಿ ಕೇಸರಿ ಬಣ್ಣದ್ದೆಂದರೆ ವೇಷಗಾತಿಯ ಒಂದು ಜೊತೆ ಮಾತ್ರ. ಅದನ್ನೇ ಅಂಟಿಸಿದೆ. "ಹಿಂದಿನ ರೆಕ್ಕೆ ಎರಡೂ ಬೇರೆಯ ಚಿಟ್ಟೆಯವು, ಅಭ್ಯಾಸಕ್ಕೆ ಬಳಸಕೂಡದು" ಎಂದು ಚೀಟಿ ಬರೆದು, ಹೆಸರು ಹಾಕಿ ಚುಚ್ಚಿದೆ. ನನ್ನ ಹೆಸರು ಅಳಿಸುವ ಆತುರದಲ್ಲಿ ಅವಳು ಆ ಎಚ್ಚರಿಕೆಯನ್ನೂ ಕಿತ್ತು ಬಿಸಾಡಿದ್ದಾಳೆ.

ಮೈಮೇಲೆ ಹುಲಿ, ರೆಕ್ಕೆ ಮೇಲೆ ವೇಷಗಾತಿ. ಕಣ್ಣಿದ್ದ ಯಾರಿಗಾದರೂ ಮೊದಲ ನೋಟಕ್ಕೇ ಅಂಟಿನ ಅನುಮಾನ ಬರಬೇಕು. ಅವಳಿಗೆ ಬರಲಿಲ್ಲ. ಕಣ್ಣು ಯಾವತ್ತೂ ನನ್ನದಾಗಿತ್ತಲ್ಲ. ಪುಸ್ತಕ ಅಚ್ಚಾಗಲಿ. ದೊಡ್ಡ ದೊಡ್ಡವರು ಬಂದು ಭೂತಗನ್ನಡಿ ಹಿಡಿಯಲಿ, ಒಬ್ಬರು ಬಿಸಿಯಾವಿ ತೋರಿಸಲಿ. ರೆಕ್ಕೆ ಕಳಚಿ ಮೇಜಿನ ಮೇಲೆ ಬೀಳುವಾಗ ಅವಳ ಮುಖ ಹೇಗಾಗುತ್ತದೆ ಎಂದು ದಿನಕ್ಕೆ ಹತ್ತು ಸಲ ಊಹಿಸಿಕೊಂಡು ಖುಷಿಪಡುತ್ತಿದ್ದೇನೆ. ಹನ್ನೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ಊಟ ಸೇರಿರಲಿಲ್ಲ.

ನಿನ್ನ ಅಕ್ಕ


ಫೆಬ್ರವರಿ ೧೨

ಚುಕ್ಕಿ,

ಕೋಪದಲ್ಲಿ ಏನೇನೋ ಬರೆದೆ. ನಿನ್ನ ಚಿತ್ರ ನೋಡಿದ ಮೇಲೆ ನೆನಪಾಯಿತು. ಅದನ್ನು ಹಿಡಿದದ್ದು ನಾನೇ, ಸೇತುವೆಯಾಚೆ, ಹೊಳೆಯ ದಂಡೆಯ ಎಕ್ಕದ ಗಿಡದ ಮೇಲೆ. ಬೇಸಿಗೆಯ ಮೊದಲ ವಾರ. ಬಲೆಯಿಂದ ತೆಗೆದಾಗ ಹೇಗಿತ್ತೋ ಈಗಲೂ ಹಾಗೆಯೇ ಇದೆ, ರೆಕ್ಕೆಯ ಅಂಚೂ ಮುಕ್ಕಾಗಿರಲಿಲ್ಲ. ಅವತ್ತೇ ನನಗೂ ಇದು ಬೇರೆ ಜಾತಿ ಅನ್ನಿಸಿತ್ತು.

ತಡಮಾಡಬೇಡ. ಬೇರೆ ಯಾರಾದರೂ ಕಂಡು ಮೊದಲು ಬರೆದುಬಿಟ್ಟರೆ ಕೈಗೆ ಬಂದದ್ದು ಜಾರಿಹೋಗುತ್ತದೆ.

ಅಂಟಕ್ಕ


ಫೆಬ್ರವರಿ ೨೫

ಅಕ್ಕಾ,

ನಕ್ಕೆ, ಸುಳ್ಳು ಹೇಳುವುದಿಲ್ಲ. ಆಮೇಲೆ ನಗು ನಿಂತಿತು.

ನನ್ನ ಲೈಬ್ರರಿಯಲ್ಲಿ ಆ ಪುಸ್ತಕದ ನಾಲ್ಕು ಪ್ರತಿ ಇವೆ. ಕಪಾಟಿನಲ್ಲಿ ನಿಲ್ಲುವುದೇ ಇಲ್ಲ, ಮಕ್ಕಳು ಹೊತ್ತುಕೊಂಡು ಬಯಲಿಗೆ ಓಡುತ್ತವೆ. ನಾಲ್ಕರ ಮುಖಪುಟದಲ್ಲೂ ಅವಳ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ನಿನ್ನ ಹೆಸರು ಬರೆದಿಟ್ಟಿದ್ದೇನೆ. ಮೊನ್ನೆ ಒಬ್ಬಳು ಪುಟ್ಟಿ ಬಂದು, "ಮಿಸ್, ಇವರ ಹೆಸರು ಯಾಕೆ ಪ್ರಿಂಟ್ ಆಗಿಲ್ಲ? ಇವರು ಸಣ್ಣ ರೈಟರಾ?" ಅಂತ ಕೇಳಿದಳು. ಏನೆಂದು ಹೇಳಲಿ?

ನಿನಗೆ ಬೇಕಾದ್ದು ಅವಳು ಮಣ್ಣು ಮುಕ್ಕುವುದೋ, ನಿನ್ನ ಹೆಸರು ಅಚ್ಚಾಗುವುದೋ? ಒಂದನ್ನು ಹಿಡಿಯಲು ಹೋಗಿ ಇನ್ನೊಂದನ್ನು ಕಳಕೊಳ್ಳುತ್ತೀಯೆ ಎಂದು ಭಯ. ಆಮೇಲೆ ಬಂದ ಕಾರ್ಡಿನಲ್ಲಿ ನೀನೇ ಬರೆದಂತೆ, ಹೊಳೆಯ ದಂಡೆಯ ಕತೆ ಕಟ್ಟಿ ಅವಳಿಗೆ ಕಾಗೆ ಹಾರಿಸಿದ್ದೀಯಲ್ಲ, ಅದೂ ನಿನ್ನ ಕೈಬರಹದಲ್ಲೇ. ನನಗದು ಹಿಡಿಸಲಿಲ್ಲ.

ನಿನ್ನ ತಂಗಿ


ಏಪ್ರಿಲ್ ೩

ಅಂಟಕ್ಕ,

ಒಂದು ಸುದ್ದಿ ಹೇಳಲು ಬರೆಯುತ್ತಿದ್ದೇನೆ. ಹೊಸ ಚಿಟ್ಟೆಗೆ ನಿನ್ನ ಹೆಸರಿಡುತ್ತೇನೆ. ಹಿಡಿದವಳು ನೀನೇ ಎಂದ ಮೇಲೆ ಅದು ನ್ಯಾಯ. ಮುಖಪುಟದಲ್ಲೂ ಈ ಸಲ ಇಬ್ಬರ ಹೆಸರು, ನಿನ್ನದು ಮೇಲೆ. ಹೊಸ ನಿರ್ದೇಶಕರು ಒಪ್ಪಿದ್ದಾರೆ. ಅಚ್ಚಿಗೆ ಹೋಗುವುದು ಮೇ ಕೊನೆಯಲ್ಲಿ. ಅದಕ್ಕೆ ಮೊದಲು ಚಿಟ್ಟೆಯ ವಿಷಯ ಇನ್ನೇನಾದರೂ ಹೇಳುವುದಿದ್ದರೆ ಹೇಳಿಬಿಡು.

ಚುಕ್ಕಿ


ಏಪ್ರಿಲ್ ೯

ತಂಗೀ,

ಅವಳ ಕಾಗದ ಇದರೊಳಗೇ ಇಟ್ಟಿದ್ದೇನೆ, ಓದಿ ವಾಪಸು ಕಳಿಸು.

ಮೂರು ದಿನದಿಂದ ಅಂಗಡಿಯಲ್ಲಿ ಎಡಗಾಜು ಬಲಕ್ಕೆ, ಬಲಗಾಜು ಎಡಕ್ಕೆ ಹಾಕುತ್ತಿದ್ದೇನೆ. ಯಜಮಾನರು, "ಏನಮ್ಮಾ, ಲವ್ವಾ?" ಅಂದರು. ಹೌದು ಅಂದೆ.

ನನ್ನ ಹೆಸರು ಅಚ್ಚಾಗಲಿ ಎಂದು ಹಲ್ಲು ಕಚ್ಚಿ ಕಾದವಳು ನಾನು. ಈಗ ಅದು ಕಾಲ ಬುಡಕ್ಕೆ ಬಂದಿದೆ, ನನ್ನದೇ ಅಂಟಿನ ಮೇಲೆ ಕೂತು. ಬಾಯಿ ಮುಚ್ಚಿಕೊಂಡರೆ ಅವಳ ಮರ್ಯಾದೆಯ ಜೊತೆ ನನ್ನ ಹೆಸರೂ ಮೇಜಿನ ಮೇಲೆ ಕಳಚಿ ಬೀಳುತ್ತದೆ. ಬಾಯಿ ಬಿಟ್ಟರೆ ಅವಳು ಬಚಾವ್. ಅವಳು ಹೀಗೆ ಒಳ್ಳೆಯವಳಾಗಲು ಯಾರು ಹೇಳಿದ್ದರು? ಇಷ್ಟಾದರೂ ಚೀಟಿಯ ವಿಷಯ ಒಂದಕ್ಷರ ಇಲ್ಲ ನೋಡು. ಹೆಸರು ಕೊಡುತ್ತಾಳಂತೆ, ಭಿಕ್ಷೆ ಹಾಕುವ ಹಾಗೆ. ಕದ್ದದ್ದನ್ನು ಒಪ್ಪುವುದಿಲ್ಲ.

ಆ ಒಂದು ಮಾತು ಅವಳ ಬಾಯಿಂದ ಬರಬೇಕು. ಅದು ಬಂದರೆ ನಿಜ ಹೇಳುತ್ತೇನೆ. ಬಾರದಿದ್ದರೆ ಇಬ್ಬರೂ ಒಟ್ಟಿಗೆ ಮುಳುಗೋಣ, ನನಗೇನೂ ಬೇಜಾರಿಲ್ಲ.

ಅಕ್ಕ


ಏಪ್ರಿಲ್ ೨೦

ಚುಕ್ಕಿ,

ನಿನ್ನ ಚಿಟ್ಟೆಯ ವಿಷಯ ನನಗೆ ಒಂದು ಸಂಗತಿ ಗೊತ್ತಿದೆ. ಅಚ್ಚಿಗೆ ಹೋಗುವ ಮೊದಲು ನೀನದನ್ನು ತಿಳಿಯಲೇಬೇಕು. ಆದರೆ ಮೊದಲು ನೀನು ಬರೆಯಬೇಕು. ಆ ಚೀಟಿಗಳಿಗೆ ಏನಾಯಿತು? ತೇವ ಗೀವ ಬೇಡ.

ಅಂಟಕ್ಕ


ಮೇ ೬

ಅಂಟಕ್ಕ,

ಬರೆಯುತ್ತೇನೆ. ಬರೆಯಲು ನನಗೂ ಆಸೆ.

ಕಿತ್ತದ್ದು ನಾನೇ. ಪುಸ್ತಕ ಅಚ್ಚಿನಿಂದ ಬರುವ ಮೊದಲು, ನೀನು ರಜೆ ಹಾಕಿ ತಂಗಿಯ ಬಾಣಂತನಕ್ಕೆ ಹೋಗಿದ್ದ ವಾರ, ನಾಲ್ಕು ಮಧ್ಯಾಹ್ನ ಕೂತು, ಚಿಮಟದಲ್ಲಿ ಒಂದೊಂದಾಗಿ. ನಿನ್ನ ಹೆಸರು ಹಾಕಿದರೆ ಎಲ್ಲರೂ ಪುಸ್ತಕ ನಿನ್ನದು ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಅದನ್ನು ಸಹಿಸುವಷ್ಟು ದೊಡ್ಡ ಮನಸ್ಸು ನನ್ನದಾಗಿರಲಿಲ್ಲ. ಬಿಸಾಡಲು ಮಾತ್ರ ಕೈ ಬರಲಿಲ್ಲ. ಮುನ್ನೂರ ಹನ್ನೆರಡೂ ನನ್ನ ಮೇಜಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ, ಹಿಂದೆ ಡ್ರಾಯರಿನ ನಂಬರು, ಸಾಲಿನ ನಂಬರು ಬರೆದಿಟ್ಟಿದ್ದೇನೆ.

ಹಾಗಾಗಿ ನಿನ್ನ ಸಂಗತಿ ನಿನ್ನ ಹತ್ತಿರವೇ ಇರಲಿ. "ಹಿಂದಿನ ರೆಕ್ಕೆ ಎರಡೂ ಬೇರೆಯ ಚಿಟ್ಟೆಯವು, ಅಭ್ಯಾಸಕ್ಕೆ ಬಳಸಕೂಡದು." ಜನವರಿಯಲ್ಲಿ ನಿನಗೆ ಮೊದಲ ಕಾಗದ ಬರೆಯುವಾಗ ಆ ಚೀಟಿ ನನ್ನೆದುರಿಗೇ ಇತ್ತು. ನನಗೆ ಕಣ್ಣಿಲ್ಲ ಎಂದು ನೀನು ತಿಳಿದಿರುತ್ತೀಯೆ ಎಂದು ಗೊತ್ತಿತ್ತು. ಅದನ್ನೇ ನಂಬಿ ಬಲೆ ಬೀಸಿದೆ.

ಯಾಕೆ ಅಂತೀಯಾ? ಹನ್ನೊಂದು ವರ್ಷ ನಾನು ಕಳ್ಳಿ, ನೀನು ಪಾಪದವಳು. ಡ್ರಾಯರು ಎಳೆದಾಗಲೆಲ್ಲ ಅದೇ. ಸಾಕಾಗಿಹೋಗಿತ್ತು. "ಅದು ಅಂಟಿಸಿದ್ದು ಕಣೇ" ಎಂದು ನೀನು ಒಂದು ಸಾಲು ಬರೆದಿದ್ದರೆ ನಿಜವಾಗಿಯೂ ನಿನ್ನ ಹೆಸರು ಮುಖಪುಟಕ್ಕೆ ಹೋಗುತ್ತಿತ್ತು. ನೀನು ಹೊಳೆಯ ದಂಡೆ ಬರೆದೆ. ಎಕ್ಕದ ಗಿಡ ಬೇರೆ! ಓದಿ ನಾನು ಕುರ್ಚಿಯಿಂದೆದ್ದು ನಿಂತು ನಕ್ಕೆ. ನೀನೂ ನನ್ನಂಥವಳೇ. ಇನ್ನು ನಾನು ನೆಮ್ಮದಿಯಾಗಿರಬಹುದು.

ಹೊಸ ಚಿಟ್ಟೆಯೂ ಇಲ್ಲ, ಇಬ್ಬರ ಹೆಸರೂ ಇಲ್ಲ, ನಿರ್ದೇಶಕರನ್ನು ನಾನು ಕೇಳಿಯೂ ಇರಲಿಲ್ಲ. ಪುಸ್ತಕ ಹಳೆಯದರಂತೆಯೇ ಬರುತ್ತದೆ. ಈ ಕಾಗದವನ್ನು ನೀನು ಯಾರಿಗೂ ತೋರಿಸಲಾರೆ. ತೋರಿಸಿದರೆ ನಿನ್ನ ಫೆಬ್ರವರಿಯ ಕಾಗದವನ್ನು ನಾನು ತೋರಿಸುತ್ತೇನೆ. ನಾವಿಬ್ಬರೂ ಸಮ.

ಚುಕ್ಕಿ


ಮೇ ೧೬

ಚುಕ್ಕಿ,

ಸಮ ಅಲ್ಲ.

ನಾನು ಬಲೆಗೆ ಬಿದ್ದದ್ದು ನಿಜ, ನೀನು ಬೀಸಿದ್ದೂ ಚೆನ್ನಾಗಿತ್ತು. ತಂಗಿ ಆಗಲೇ ಹೇಳಿದ್ದಳು, ಕೇಳಲಿಲ್ಲ. ನಾಚಿಕೆಯಾಯಿತು. ಆದರೆ ನಿನ್ನ ತಪ್ಪು ಒಂದಿದೆ. ಮರ್ಯಾದೆ ಹೋಗುತ್ತದೆ ಎಂದು ನೀನು ಹೆದರುವಷ್ಟು ನಾನೂ ಹೆದರುತ್ತೇನೆ ಎಂದುಕೊಂಡುಬಿಟ್ಟೆ ನೀನು. ಕಳಕೊಳ್ಳಲು ನನ್ನ ಹತ್ತಿರ ನೀನೇನು ಉಳಿಸಿದ್ದೆ ಹೇಳು?

ಮೊನ್ನೆ ಬೆಳಿಗ್ಗೆಯ ಬಸ್ಸಿಗೆ ಬಂದು ನಿಮ್ಮ ನಿರ್ದೇಶಕರನ್ನು ಕಂಡೆ. ನೀನು ಊಟಕ್ಕೆ ಹೋಗಿದ್ದೆಯಂತೆ. ನಿನ್ನ ಕಾಗದ ಮೇಜಿನ ಮೇಲಿಟ್ಟೆ. ನನ್ನ ಫೆಬ್ರವರಿಯ ಕಾಗದದಲ್ಲಿ ಏನಿತ್ತೋ ಅದನ್ನು ನೆನಪಿನಿಂದ ಬರೆದು, "ಇದು ನಾನು ಹೇಳಿದ ಸುಳ್ಳು" ಎಂದು ಸಹಿ ಹಾಕಿ, ಅದನ್ನೂ ಪಕ್ಕದಲ್ಲಿಟ್ಟೆ. ಅವರು ಎರಡನ್ನೂ ಎರಡು ಸಲ ಓದಿದರು. ಓದುವಾಗ ಕನ್ನಡಕ ಮೂಗಿನಿಂದ ಜಾರುತ್ತಿತ್ತು, ಇಸಿದುಕೊಂಡು ಅಲ್ಲೇ ಬಿಗಿ ಮಾಡಿಕೊಟ್ಟೆ. "ನೀವೂ ಇಂಥ ಕೆಲಸ ಮಾಡಬಾರದಿತ್ತಮ್ಮಾ" ಎಂದು ನನಗೆ ಚೆನ್ನಾಗಿಯೇ ಬೈದರು. ತಲೆ ತಗ್ಗಿಸಿ ಬೈಸಿಕೊಂಡೆ. ಆಮೇಲೆ ನಿನ್ನ ಮೇಜಿನಿಂದ ಬಿಸ್ಕತ್ತಿನ ಡಬ್ಬಿ ತರಿಸಿದರು. ಮುಚ್ಚಳ ತೆಗೆದು ನನ್ನ ಅಕ್ಷರ ನೋಡಿದಾಗ ಕಣ್ಣಲ್ಲಿ ನೀರು ಬಂತು, ಅದನ್ನೂ ನಿನಗೆ ಹೇಳಿಬಿಡುತ್ತೇನೆ.

ಅಚ್ಚು ನಿಲ್ಲಿಸಿದ್ದಾರೆ. ಮುಖಪುಟಕ್ಕೆ ಇಬ್ಬರ ಹೆಸರು ಹೋಗುತ್ತದೆ. ನಿನ್ನ ಕೆಲಸ ಹೋಗಬೇಕೋ ಇರಬೇಕೋ ಎಂದು ನನ್ನನ್ನೇ ಕೇಳಿದರು. ಇರಲಿ ಅಂದೆ. ಕರುಣೆಯಿಂದ ಅಂದುಕೊಳ್ಳಬೇಡ. ನೀನು ಮನೆಗೆ ಹೋಗಿ ಕದ ಹಾಕಿಕೊಂಡು ಕೂತರೆ ನನಗೇನು ಬಂತು? ನನಗೆ ಬೇಕಾದ್ದನ್ನು ಕೇಳಿದೆ, ಒಪ್ಪಿದರು. ಲಿಖಿತ ಆದೇಶ ನಿನಗೆ ಇಷ್ಟರಲ್ಲಿ ತಲುಪಿರಬೇಕು.

ಸೋಮವಾರ ಹತ್ತು ಗಂಟೆಗೆ ಬರುತ್ತೇನೆ. ಚೀಟಿಗಳನ್ನು ಸೂಜಿಗಳಿಗೆ ವಾಪಸು ಚುಚ್ಚುವ ಕೆಲಸ ನನ್ನದು. ಎದುರಿಗೆ ಕೂತು ಡಬ್ಬಿಯಿಂದ ಒಂದೊಂದೇ ತೆಗೆದು ಕೊಡುವ ಕೆಲಸ ನಿನ್ನದು. ಕೊಡುವ ಮೊದಲು ಪ್ರತಿಯೊಂದನ್ನೂ ಗಟ್ಟಿಯಾಗಿ ಓದಬೇಕು. ಯಾವ ಚಿಟ್ಟೆ, ಏನು ಗುರುತು, ಏನು ಜೋಡಿಸಿದೆ, ಕೊನೆಗೆ ನನ್ನ ಹೆಸರು. ಬಾಗಿಲು ತೆರೆದಿರುತ್ತದೆ, ಸಿಬ್ಬಂದಿ ವರ್ಗ ಹೋಗುತ್ತ ಬರುತ್ತ ಇರುತ್ತದೆ. ಒಂದು ಸಲ ಮೆಲ್ಲಗೆ ಹೇಳಿದರೂ ಮತ್ತೆ ಓದಿಸುತ್ತೇನೆ.

ಮುನ್ನೂರ ಹನ್ನೆರಡು ಸಲ, ಚುಕ್ಕಿ. ಗಂಟಲು ಒಣಗಿದರೆ ಹೇಳು, ನೀರು ನಾನೇ ತಂದುಕೊಡುತ್ತೇನೆ.

ಅಂಟಕ್ಕ